ಕಾಲ್ಗಡಗದ ಕಲ್ಲು

ಮುತ್ತವ್ವ ಮಗ್ಗದ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಹಗ್ಗದ ಗಂಟು ಬಿಚ್ಚುತ್ತಿದ್ದಳು. ಎಣ್ಣೆ ಮತ್ತು ನೂಲಿನ ಧೂಳು ಕೂಡಿ ಗಂಟು ಬಿಗಿದು ಹೋಗಿತ್ತು. ಉಗುರು ಹಾಕಿ ನೋಡಿದಳು, ಹಲ್ಲು ಹಾಕಿ ನೋಡಿದಳು. ಆಚೆ ಪಡಸಾಲೆಯಲ್ಲಿ ಗಂಡನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಹೊಸ ರುಮಾಲು. ನಿನ್ನೆ ಸಂಜೆ ಇದೇ ಮಗ್ಗದ ಮುಂದೆ, ಲಾಳಿ ಬದಲಿಸಲು ಬಾಗಿದ ಯಮನಪ್ಪ ಮತ್ತೆ ಎದ್ದಿರಲಿಲ್ಲ. ದವಾಖಾನೆ ಮುಟ್ಟುವುದರೊಳಗೆ ಎಲ್ಲಾ ಮುಗಿದಿತ್ತು.

"ಏ ಮುತ್ತವ್ವಾ, ಹುಚ್ಚ ಹಿಡದೈತೇನ ನಿನಗ?" ಮೊದಲ ಬಸ್ಸಿಗೆ ಸಾವಳಗಿಯಿಂದ ಬಂದಿದ್ದ ಯಮನಪ್ಪನ ಅಕ್ಕ ಪದ್ಮವ್ವ ಬಾಗಿಲಲ್ಲಿ ನಿಂತಿದ್ದಳು. "ಗಂಡನ ಬಾಜೂಕ ಕುಂದ್ರೂದು ಬಿಟ್ಟ ಅಲ್ಲೇನ ಹುಡಕಾಕತ್ತೀ?"

"ಮಗ್ಗ ನಿಂತೈತಲ್ಲಕ್ಕಾ. ತೂಕ ಇಳಸಬೇಕು. ಹಂಗ ಬಿಟ್ರ ಎಳಿ ಜಗ್ಗತಾವು."

"ನೇಯಾಂವನ ಹೋದ. ಇನ್ನ ಎಳಿ ಜಗ್ಗಿದ್ರೇನು, ಬಿಟ್ರೇನು!"

ಮುತ್ತವ್ವ ಮತ್ತೆ ಗಂಟಿಗೆ ಉಗುರು ಹಾಕಿದಳು. ತೂಕದ ಬಗ್ಗೆ ಅವಳು ಆಡಿದ ಮಾತು ಸುಳ್ಳಲ್ಲ. ಮಗ್ಗ ನಾಲ್ಕು ದಿನ ನಿಲ್ಲುವುದಾದರೆ ನೂಲು ಸುತ್ತಿದ ಬೀಮಿಗೆ ಜೋತುಬಿಟ್ಟ ತೂಕಗಳನ್ನು ಇಳಿಸಲೇಬೇಕು, ಇಲ್ಲವಾದರೆ ಹಾಸಿನ ಎಳೆ ಜಗ್ಗಿ ಸಡಿಲಾಗಿ ಮುಂದೆ ಸೀರೆ ಕೆಡುತ್ತದೆ. ಆದರೆ ನಾಲ್ಕು ತೂಕಗಳಲ್ಲಿ ಮೂರು ಕಬ್ಬಿಣದವು, ಆಗಲೇ ಇಳಿಸಿ ಗೋಡೆಯ ಬದಿಗಿಟ್ಟಾಗಿತ್ತು. ಉಳಿದದ್ದು ನಾಲ್ಕನೆಯದು, ಕಲ್ಲಿನದು.

ಗಂಟು ಬಿಟ್ಟಿತು. ಮುತ್ತವ್ವ ಕಲ್ಲನ್ನು ನೆಲಕ್ಕೆ ತಾಗಗೊಡದೆ ಎರಡೂ ಕೈಯಲ್ಲಿ ಹಿಡಿದಳು. ಅದು ಒಂದು ಪಾದ. ಐದೂ ಬೆರಳಿದ್ದವು, ಬೆರಳಿಗೆ ಉಗುರಿದ್ದವು. ಕಾಲಿನ ಹರಡಿನ ಮೇಲೆ ಎರಡು ಸುತ್ತು ಕಡಗ, ಅದರ ಮೇಲೆ ಮುರಿದ ಗುರುತು. ಎರಡು ಕಡಗಗಳ ನಡುವಿನ ಕಚ್ಚಿನಲ್ಲಿ ಹಗ್ಗ ತಿಕ್ಕಿ ತಿಕ್ಕಿ ಕಲ್ಲು ಮಿಂಚುತ್ತಿತ್ತು.

ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವುದಕ್ಕೂ ಓಣಿಯ ತುದಿಯಲ್ಲಿ ಬೈಕುಗಳ ಸದ್ದು ಕೇಳುವುದಕ್ಕೂ ಸರಿಹೋಯಿತು.

*

ಆ ದಿನ ತಿಂಗಳ ಮೊದಲ ಆದಿತ್ಯವಾರ. ಯಮನಪ್ಪನ ಬೈಕ್ ಬಳಗದವರು ಏಳು ಗಂಟೆಗೆ ಜಮಖಂಡಿಯಲ್ಲಿ ಕೂಡಿ, ಬೀಳಗಿ ದಾಟಿ ಐಹೊಳೆಗೆ ಹೋಗಿ ಸಂಜೆಯೊಳಗೆ ತಿರುಗಿ ಬರುವುದೆಂದು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಸುದ್ದಿ ಮುಟ್ಟಿದ್ದೇ ಹದಿನಾಲ್ಕು ಬೈಕೂ ಬನಹಟ್ಟಿಗೆ ಬಂದಿದ್ದವು. ಓಣಿಯ ಬಾಯಲ್ಲೇ ಇಂಜಿನ್ನು ಬಂದ್ ಮಾಡಿ, ಎತ್ತು ಹೊಡೆದುಕೊಂಡು ಬಂದಂತೆ ಗಾಡಿಗಳನ್ನು ಕೈಯಿಂದ ನೂಕುತ್ತ ಒಬ್ಬರ ಹಿಂದೊಬ್ಬರು ಬಂದರು.

"ಬಂದ್ರ ನೋಡವ್ವಾ," ಪದ್ಮವ್ವ ಬಾಜೂ ಕೂತ ತಂಗೆವ್ವನಿಗೆ ಹೇಳಿದಳು. "ಐವತ್ತಾದ ಮ್ಯಾಲ ಮಂದಿ ಜಪಮಣಿ ಹಿಡೀತಾರ. ನಮ್ಮ ತಮ್ಮ ಇವರ ಬೆನ್ನ ಹತ್ತಿ ಫಟಫಟಿ ಹಿಡದ."

"ಬೆನ್ನ ಹತ್ತೇ ಹೋಗತಿದ್ದಾಂವ ಬಿಡು," ನೆರೆಮನೆಯ ತಂಗೆವ್ವ ಅಂದಳು. "ಎಲ್ಲಾರಕಿಂತ ಹಿಂದ ಇರಾಂವ ಅಂವಾ."

ಅದು ಖರೆ. ಮುಂದೆ ಹೋಗುವವನು ವೀರಣ್ಣ. ಜಮಖಂಡಿಯಲ್ಲಿ ಗ್ಯಾರೇಜು ಇಟ್ಟವನು, ಬುಲೆಟ್ಟಿನವನು. ಕಡೆಗೆ ಬರುವವನು ಯಮನಪ್ಪ, ಹಳೆಯ ಸ್ಪ್ಲೆಂಡರಿನ ಮೇಲೆ, ಹಳದಿ ಜಾಕೀಟು ತೊಟ್ಟು. ಯಾರದಾದರೂ ಗಾಡಿ ಕೆಟ್ಟರೆ ಅವನು ನಿಲ್ಲಬೇಕು, ಅವರನ್ನು ಮುಂದೆ ಹಾಕಿಕೊಂಡು ತಾನು ಹಿಂದೆ ಬರಬೇಕು. ಎಲ್ಲರೂ ಬಂದಿದ್ದಾರೆ ಎನ್ನಲು ಎಡಗೈ ಮೇಲಕ್ಕೆತ್ತುತ್ತಿದ್ದ. ಮುಂದಿನವರು ಕನ್ನಡಿಯಲ್ಲಿ ಆ ಕೈ ನೋಡಿದ ಮೇಲೇ ವೇಗ ಹೆಚ್ಚಿಸುತ್ತಿದ್ದರು.

ವೀರಣ್ಣ ಹೆಲ್ಮೆಟ್ಟು ಕಂಕುಳಲ್ಲಿ ಹಿಡಿದು ಹೆಣದ ಮುಂದೆ ನಿಂತ. ಹೂವು ಹಾಕಿದ. ನಮಸ್ಕಾರ ಮಾಡಿ ಎದ್ದವನು ಅಲ್ಲಿಂದ ಸರಿಯಲಿಲ್ಲ.

"ಹಿಂಗ ಹೇಳದ ಕೇಳದ ಮುಂದ ಹೋಗೂದೇನ ಯಮನಪ್ಪಣ್ಣಾ?" ಅಂದ. "ಇದು ನಿನ್ನ ಜಾಗಾ ಅಲ್ಲ."

ಅವನ ಹಿಂದಿದ್ದ ಮುಧೋಳದ ಸಾಲೆಯ ಟೀಚರ್ ಉಜ್ವಲಾ, ಬಳಗದಲ್ಲಿ ಎಲ್ಲರಿಗಿಂತ ಸಣ್ಣವಳು, ಮುಖ ಮುಚ್ಚಿಕೊಂಡು ಅತ್ತಳು.

*

ಹನ್ನೊಂದು ವರ್ಷದ ಹಿಂದೆ ಬಳಗದಲ್ಲಿ ಐದೇ ಬೈಕುಗಳಿದ್ದವು. ಮೊದಲ ಸವಾರಿ ಐಹೊಳೆಗೇ. ಉಳಿದವರು ಗುಡಿಯ ಕಂಬ ಕಂಬಕ್ಕೂ ಆತು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಫೋಟೋದ ಗೊಡವೆ ಬೇಡವಾದ ಯಮನಪ್ಪ ಗುಡಿ ಸುತ್ತಿ, ಅದರ ಹಿಂದಿನ ಹೊಲಕ್ಕೆ ಹೋದ. ಬದುವಿನ ಮೇಲೆ, ಹೊಲದವರು ಆರಿಸಿ ಒಗೆದ ಕಲ್ಲುಗಳ ನಡುವೆ ಅದು ಬಿದ್ದಿತ್ತು.

ಬೇರೆ ಯಾರಾದರೂ ಆಗಿದ್ದರೆ ಪಾದ ಕಾಣುತ್ತಿತ್ತು. ಯಮನಪ್ಪನಿಗೆ ಕಂಡದ್ದು ಕಚ್ಚು. ಅದೇ ವಾರ ಅವನ ಬೀಮಿನ ಎಡಗಡೆಯ ತೂಕ ಒಡೆದು ಎರಡಾಗಿತ್ತು. ಇಟ್ಟಿಗೆ ಕಟ್ಟಿದರೆ ಜಾರುತ್ತಿತ್ತು, ಸೀರೆಯ ಎಡ ಅಂಚು ಸುಕ್ಕಾಗುತ್ತಿತ್ತು. ಕಲ್ಲನ್ನು ಎತ್ತಿ ತೂಗಿ ನೋಡಿದ. ನಾಲ್ಕು ಕಿಲೋ ಇದ್ದೀತು. ಹಗ್ಗ ಕೂಡಲು ಯಾರೋ ಅಳತೆ ಕೊಟ್ಟು ಮಾಡಿಸಿದಂತಿದೆ ಅಂದುಕೊಂಡ. ಟವೆಲ್ಲಿನಲ್ಲಿ ಸುತ್ತಿ ಗಾಡಿಗೆ ಕಟ್ಟಿದ.

ಮರುದಿನ ಕಸ ಹೊಡೆಯುತ್ತಿದ್ದ ಮುತ್ತವ್ವನ ಕಸಬರಿಗೆ ಆ ಕಲ್ಲಿನ ಬೆರಳೊಂದಕ್ಕೆ ತಾಗಿತು.

"ರೀ, ಇದು ಕಾಲರೀ!"

"ಕಲ್ಲ," ಅಂದ ಯಮನಪ್ಪ, ಮಗ್ಗ ನಿಲ್ಲಿಸದೆ.

"ಕಲ್ಲಿನ ಕಾಲ. ಯಾರದಿದು?"

ಮಗ್ಗ ನಿಂತಿತು. ಯಮನಪ್ಪ ಬಂದು ಬಾಗಿ ನೋಡಿದ. ಬಹಳ ಹೊತ್ತು ನೋಡಿದ. ಒಂದೊಂದೇ ಉಗುರು ಮುಟ್ಟಿ ಎಣಿಸಿದ. ಆ ತಿಂಗಳು ಸೀರೆಯ ಅಂಚು ಗೆರೆ ಎಳೆದಂತೆ ಬಂತು. ವ್ಯಾಪಾರಿ ಹೊಗಳಿದ. ಯಮನಪ್ಪನಿಗೆ ಮಾತ್ರ ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಊಟದ ನಡುವೆ ಎದ್ದು ಮಗ್ಗದ ಹಿಂದೆ ಹೋಗಿ ಬರುತ್ತಿದ್ದ. ಬಳಗದ ಸವಾರಿಯಲ್ಲಿ, ಬೆನ್ನಿಗೆ ಯಾರದೂ ಕಣ್ಣು ಬೇಡವೆಂದೋ ಏನೋ, ಹಿಂದಿನ ಜಾಗ ಕೇಳಿ ತೆಗೆದುಕೊಂಡ.

ಮುತ್ತವ್ವ ಕಸ ಹೊಡೆಯುವಾಗ ಆ ಕಲ್ಲಿನ ಸುತ್ತ ಕೈಯಿಂದಲೇ ಬಳಿಯತೊಡಗಿದಳು.

*

"ವೀರಣ್ಣಾ, ಸ್ವಲ್ಪ ಒಳಗ ಬಾರಪ್ಪ."

ಮಗ್ಗದ ಮನೆಯಲ್ಲಿ ಮುತ್ತವ್ವ ಸೆರಗು ಸರಿಸಿ ಕಲ್ಲು ತೋರಿಸಿದಳು. ಹೇಳುವುದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಗೋಡೆಯ ಮೊಳೆಗೆ ತೂಗುಬಿಟ್ಟ ಚೀಲದಿಂದ ಮಡಚಿದ ಹಾಳೆಯನ್ನೂ ತೆಗೆದಳು.

ವೀರಣ್ಣ ಚೀಲವನ್ನೇ ನೋಡುತ್ತಿದ್ದ. "ವೈನಿ, ಈ ಚೀಲಾ ನಾ ನಾಕ ಸಲಾ ನೋಡೇನಿ. 'ಏನ ಕಲ್ಲ ಹೊತಗೊಂಡ ಬಂದೀಯೋ ಮಾರಾಯಾ' ಅಂತ ನಗತಿದ್ದೆ. ಅಂವಾನೂ ನಗತಿದ್ದ."

"ಇವತ್ತ ಐಹೊಳಿಗೆ ಹೋಗಾವ್ರಿದ್ರೆಲ್ಲ. ಇದನ್ನ, ಈ ಕಾಗದಾ ಒಯ್ದ ಕೊಟ್ಟ ಬರ್ರಿ."

"ಇವತ್ತ? ಮಣ್ಣ ಬಿಟ್ಟ?"

"ಮಣ್ಣಿನಕಿಂತ ಮೊದಲ ಇದು ಮನಿ ಬಿಡಬೇಕು."

ಅಷ್ಟರಲ್ಲಿ ಮಗ ಈಶ್ವರ ಒಳಗೆ ಬಂದ. ಜಮಖಂಡಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ನೌಕರಿ ಕಾಯಂ ಆಗಿ ಆರು ತಿಂಗಳಾಗಿತ್ತು. ಕಲ್ಲು ನೋಡಿದವನೇ ಬಾಗಿಲು ಮುಚ್ಚಿದ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಸಂಗತಿ ಅದು.

"ಯವ್ವಾ, ನಿನಗ ಇವತ್ತ ಇದ ಸಿಕ್ತೇನು?"

"ಮತ್ತ ಯಾವತ್ತೋ?"

"ಯಾವತ್ತೂ ಬ್ಯಾಡ! ಇದು ಏನಂತ ತಿಳಕೊಂಡೀ? ಸರಕಾರದ ಕಲ್ಲಿದು. ಕೇಸ್ ಆಗತೈತಿ. ಸತ್ತಾಂವನ ಮ್ಯಾಲ ಹಾಕಾಕ ಬರೂದಿಲ್ಲ, ನನ್ನ ಬುಡಕ್ಕ ಬರತೈತಿ. ನೌಕರಿ ಹೋತಂದ್ರ ನೀ ಕೊಡಸ್ತಿ?" ಕಲ್ಲನ್ನು ಅವಳ ಕೈಯಿಂದ ತೆಗೆದು ಚೀಲಕ್ಕೆ ತುರುಕಿದ. "ಹಿಪ್ಪರಗಿ ಬ್ಯಾರೇಜಿಗೆ ಅರ್ಧಾ ತಾಸಿನ ಹಾದಿ. ಹೊಳ್ಯಾಗ ಒಗದ ಬರ್ತೇನಿ. ಮುಗದ ಹೋತು."

"ಈಶ್ವರಾ, ತಡೀಪಾ," ವೀರಣ್ಣ ಅಡ್ಡ ನಿಂತ.

"ನೀವ ಸರೀರಿ ಕಾಕಾ. ನಿಮಗೇನು, ಕೊಟ್ಟ ಬಂದ ಫೋಟೋ ಹಾಕ್ತೀರಿ."

ಹೊರಗೆ ಯಾರೋ ಕೂಗಿದರು: "ಅಯ್ಯನವರು ಬಂದ್ರು! ಈಶ್ವರಾ, ನೀರ ತಗೊಂಡ ಬಾ, ಪಾದಾ ತೊಳೀಬೇಕು!"

*

ನಾಲ್ಕು ಸಲ ಯಮನಪ್ಪ ಆ ಚೀಲ ಕಟ್ಟಿಕೊಂಡು ಹೋಗಿದ್ದ. ಹೊರಡುವ ಮೊದಲು ಕಲ್ಲು ಬಿಚ್ಚಿ, ಅದರ ಜಾಗಕ್ಕೆ ಉಸುಕು ತುಂಬಿದ ಡಬ್ಬಿ ಕಟ್ಟುತ್ತಿದ್ದ. ಸಂಜೆ ತಿರುಗಿ ಬಂದು, ಮುಖ ತೊಳೆಯದೆ, ಡಬ್ಬಿ ಬಿಚ್ಚಿ ಮತ್ತೆ ಕಲ್ಲು ಕಟ್ಟುತ್ತಿದ್ದ.

"ಆಗಲಿಲ್ಲೇನ್ರೀ?"

"ಮುಂದಿನ ಸಲ."

"ಯಾಕ?"

"ಹಿಂದಿನಾಂವ ನಿಂತರ ಎಲ್ಲಾರೂ ನಿಲ್ಲತಾರ. ಏನಾತು ಏನಾತು ಅಂತ ಬಂದ ಸುತ್ತ ಮುತ್ತತಾರ. ಹೆಂಗ ಕೊಡಲಿ?"

ಕಾಗದ ಮಾತ್ರ ಮೊದಲ ವರ್ಷವೇ ಬರೆದಿದ್ದ. ನೂಲಿನ ಪೊಟ್ಟಣದ ಬಿಳಿ ಹಾಳೆಯ ಮೇಲೆ, ಒಂದೊಂದೇ ಅಕ್ಷರ ಕೂಡಿಸಿ, ಮೂರು ದಿನ. ಬರೆದದ್ದನ್ನು ಮುತ್ತವ್ವನಿಗೆ ಓದಿ ಹೇಳಿದ್ದ.

"ಎಲ್ಲಾ ಛಲೋ ಐತಿ. ಹೆಸರು?" ಅಂದಿದ್ದಳು ಅವಳು.

"ಹಾಕ್ತೇನಿ," ಅಂದಿದ್ದ.

*

ಅಯ್ಯನವರು, ಓಣಿಯ ಜಂಗಮರು, ಎಪ್ಪತ್ತೈದು ದಾಟಿದ ಮುದುಕರು. ರಬಕವಿಯಲ್ಲಿ ಮಧ್ಯಾಹ್ನ ಒಂದು ಮದುವೆ ಮಾಡಿಸುವುದಿತ್ತು, ಆದ್ದರಿಂದ ಅವಸರದಲ್ಲಿದ್ದರು. ಓಣಿಯಲ್ಲಿ ಹೆಣ ಕೂಡಿಸಿ ಹೊರುವ ಬಿದಿರಿನ ವಿಮಾನ ಕಟ್ಟಿ ಮುಗಿದಿತ್ತು, ಹೂವಿನ ಸರ ಮಾತ್ರ ಬಾಕಿ. ಭಜನೆಯವರು ತಾಳ ನಿಲ್ಲಿಸಿ ನೀರು ಕುಡಿಯುತ್ತಿದ್ದರು. ಸೊಸೆ ಪೂರ್ಣಿಮಾ ತಟ್ಟೆಯಲ್ಲಿ ವಿಭೂತಿ, ಬಿಲ್ವಪತ್ರಿ ತಂದಿಟ್ಟಳು. ಈಶ್ವರ ಚೀಲವನ್ನು ಬಾಗಿಲ ಹಿಂದೆ ಇಟ್ಟು ಬಂದು ಅಯ್ಯನವರ ಪಾದ ತೊಳೆದ. ಇನ್ನು ಅವರು ಬಲಗಾಲು ಎತ್ತಿ ಯಮನಪ್ಪನ ತಲೆಯ ಮೇಲೆ ಇಡಬೇಕು. ಅಲ್ಲಿಗೆ ಅವನ ಈ ಲೋಕದ ಋಣ ಹರಿಯುತ್ತದೆ. ಆಮೇಲೆ ಎತ್ತುವುದು, ಹೊರುವುದು, ಮಣ್ಣು.

ಅಯ್ಯನವರು ಗೋಡೆ ಹಿಡಿದು ಕಾಲೆತ್ತಿದರು.

"ಇಡಬ್ಯಾಡ್ರಿ ಅಜ್ಜಾರ!"

ಮುತ್ತವ್ವನ ದನಿಗೆ ಅಯ್ಯನವರ ಕಾಲು ಗಾಳಿಯಲ್ಲೇ ನಿಂತಿತು. ಬೀಳುತ್ತಾರೆಂದು ಇಬ್ಬರು ಹಿಡಿದುಕೊಂಡರು.

"ಯವ್ವಾ!" ಈಶ್ವರ ಕೂಗಿದ.

ಅವಳು ಬಾಗಿಲ ಹಿಂದಿನ ಚೀಲ ತಂದು, ಕಲ್ಲು ತೆಗೆದು, ಗಂಡನ ಮುಂದೆ ಹಾಸಿದ ಬಿಳಿ ಬಟ್ಟೆಯ ಮೇಲೆ ಇಟ್ಟಳು. ಪಡಸಾಲೆ ತುಂಬ ಕೂತ ಮಂದಿ ಕತ್ತು ಉದ್ದ ಮಾಡಿದರು.

"ಒಂದ ಪಾದಾ ಮನ್ಯಾಗ ಐತ್ರಿ. ಇವ್ರು ಕೇಳದ ತಂದದ್ದು. ಹನ್ನೊಂದ ವರ್ಷ ಅದರ ಕಡಿಂದ ದುಡಿಸಿಗೊಂಡ ಉಂಡೇವಿ. ಅದನ್ನ ಮನ್ಯಾಗಿಟಗೊಂಡ ನಿಮ್ಮ ಪಾದಾ ತಲಿ ಮ್ಯಾಲ ಇಡಸ್ಕೊಂಡ್ರ, ಋಣಾ ಹರೀತು ಅಂತ ಹೆಂಗ ಅನ್ಲಿ? ಮೊದಲ ಇದು ಹೊರಗ ಹೋಗಲಿ. ಆಮ್ಯಾಲ ನೀವ ಇಡ್ರಿ."

ಪದ್ಮವ್ವ ಸೆರಗು ಬಾಯಿಗೆ ಹಿಡಿದಳು. ಈಶ್ವರನ ಮುಖ ಸುಣ್ಣದಂತಾಗಿತ್ತು. ಕಚೇರಿಯ ಇಬ್ಬರು ಮೂವರು ಆ ಮಂದಿಯೊಳಗೇ ಕೂತಿದ್ದರು.

ಅಯ್ಯನವರು ಬಾಗಿ ಕಲ್ಲನ್ನು ನೋಡಿದರು, ತಮ್ಮ ತೊಳೆದ ಪಾದವನ್ನು ನೋಡಿಕೊಂಡರು. ಸಾವಕಾಶ ಕೆಳಗೆ ಕೂತರು.

"ನಂದಕಿಂತ ಛಲೋ ಐತಿ," ಅಂದರು. "ನನ್ನ ಉಗುರು ಹಿಂಗಿಲ್ಲ. ಮಾಡ್ಕೋರಿ ಏನ ಮಾಡ್ತೀರಿ. ನಾ ಕುಂದರ್ತೇನಿ. ಬಾಜೂ ಮನ್ಯಾಗ ಚಹಾ ಆದೀತೇನ ನೋಡ್ರಿ."

"ಮದವಿಗೆ ಹೊತ್ತಾಗೂದಿಲ್ಲೇನ್ರಿ?" ಯಾರೋ ಕೇಳಿದರು.

"ಮದವಿ ಒಂದ ಅರ್ಧಾ ತಾಸ ತಡೀತೈತಿ. ಹುಡುಗ ಎಲ್ಲಿ ಓಡಿ ಹೋಗ್ತಾನು?"

ಈಶ್ವರ ಮಾತ್ರ ನಿಂತಲ್ಲಿಂದ ಕದಲಲಿಲ್ಲ. "ಕೊಟ್ಟ ಬರ್ರಿ. ಆದ್ರ ಹೆಸರಿಲ್ಲದ ಇಟ್ಟ ಬರ್ರಿ. ಗುಡಿ ಕಟ್ಟಿ ಮ್ಯಾಲ ಇಟ್ಟ ಸುಮ್ಮನ ತಿರಗರಿ. ಇಟ್ಟಾಂವ ಯಾರಂತ ಯಾರಿಗೂ ತಿಳೀಬಾರದು." ಕಲ್ಲಿನ ಕಡೆ ಬೆರಳು ಮಾಡಿದ. "ಕೊಡೂದಿದ್ರ ಅಪ್ಪಾನ ಕೊಡತಿದ್ದ. ಅವಗ ಧೈರ್ಯ ಆಗಲಿಲ್ಲ, ಈಗ ನಮ್ಮ ಕೊಳ್ಳಾಗ ಹಾಕಿ ಹೋದ."

"ಹಂಗನಬ್ಯಾಡ್ರಿ," ಅಂದಳು ಉಜ್ವಲಾ. ಎಲ್ಲರೂ ಅತ್ತ ತಿರುಗಿದರು. ಅವಳು ಮುತ್ತವ್ವನ ಕಡೆ ನೋಡಿ ಹೇಳಿದಳು: "ಹೋದ ದೀಪಾವಳಿ ಮುಂದ ಹೋಗಿದ್ವೆಲ್ಲ ಕಾಕೂ, ಅವತ್ತ ಕಾಕಾ 'ನೀವ ನಡೀರಿ, ನಾ ಹಿಂದಿಂದ ಬರ್ತೇನಿ' ಅಂತ ಎಲ್ಲಾರನ್ನೂ ಕಳಿಸಿದ್ರು. ನಾ ಊರ ದಾಟೂದಕ ನನ್ನ ಗಾಡಿ ಚೈನ್ ಹರೀತು. ಮುಂದಿನಾವ್ರು ಹೋಗಿಬಿಟ್ಟಿದ್ರು. ಕಾಕಾಗ ಫೋನ್ ಮಾಡಿದೆ. 'ಎಲ್ಲಿದ್ದೀರಿ' ಅಂದ್ರ, 'ಮ್ಯೂಸಿಯಂ ಆಫೀಸಿನ ಬಾಗಲದಾಗ ಅದೇನಿ, ಒಳಗ ಸಾಹೇಬ್ರು ಕರಿಯಾಕತ್ತಾರ' ಅಂದ್ರು. ಅಲ್ಲಿ ಯಾಕ ಹೋಗೀರಿ ಅಂತ ನಾ ಕೇಳಲಿಲ್ಲ. 'ಒಬ್ಬಾಕಿನ ಅದೇನ್ರಿ, ಅಂಜಿಕಿ ಬರಾಕತ್ತೈತಿ' ಅಂತಷ್ಟ ಅಂದೆ. ಹತ್ತ ಮಿನಿಟಿನ್ಯಾಗ ಬಂದ್ರು. ಚೈನ್ ಹಾಕೂದಕ ಎರಡ ತಾಸ ಹಿಡೀತು. ತಿರಗಿ ನೋಡಿದ್ರು, ಹೊತ್ತ ಮುಣಗಿತ್ತು. ಆಫೀಸ್ ಮುಚ್ಚೂ ಹೊತ್ತ ದಾಟಿತ್ತು." ಮೂಗು ಒರೆಸಿಕೊಂಡಳು. "ನಾ ಫೋನ್ ಮಾಡದಿದ್ರ ಅವತ್ತ ಕೊಡತಿದ್ರು."

ಅದು ನಾಲ್ಕನೆಯ ಸಲ. ಮುತ್ತವ್ವನಿಗೂ ಈ ಮಾತು ಹೊಸದು. ಗಂಡನ ಮುಖ ನೋಡಿದಳು. ಅಂದೂ ಅವನು 'ಮುಂದಿನ ಸಲ' ಅಂದಿದ್ದನೇ ಹೊರತು ಇನ್ನೇನೂ ಹೇಳಿರಲಿಲ್ಲ.

ಮಡಚಿದ ಹಾಳೆಯನ್ನು ಮಗನ ಕೈಗೆ ಕೊಟ್ಟಳು. "ಓದು."

ಈಶ್ವರ ನಿಂತೇ ಓದಿದ, ಮೊದಲು ಮನಸ್ಸಿನಲ್ಲಿ. ಅಯ್ಯನವರು "ಜೋರ ಓದಪ್ಪಾ" ಅಂದ ಮೇಲೆ ಜೋರಾಗಿ.

"ಐಹೊಳೆಯ ಕಲ್ಲುಗಳನ್ನು ನೋಡಿಕೊಳ್ಳುವ ಸಾಹೇಬರಿಗೆ ನಮಸ್ಕಾರ. ಗುಡಿಯ ಹಿಂದಿನ ಹೊಲದ ಬದುವಿನಲ್ಲಿದ್ದ ಈ ಪಾದವನ್ನು ನಾನು ಒಯ್ದೆನು. ಮಾರಲು ಒಯ್ಯಲಿಲ್ಲ. ನನ್ನ ಮಗ್ಗದ ತೂಕ ಒಡೆದಿತ್ತು, ಇದಕ್ಕೆ ಹಗ್ಗ ಛಲೋ ಕೂಡುತ್ತಿತ್ತು. ಪಾದ ಎಂದು ಆಮೇಲೆ ತಿಳಿಯಿತು. ಕಡಗದ ಹತ್ತಿರ ಸ್ವಲ್ಪ ನುಣುಪಾಗಿದೆ, ಅದು ನಮ್ಮ ಹಗ್ಗದಿಂದ. ಇದರ ಜೋಡಿ ಕಾಲು ಅಲ್ಲೇ ಎಲ್ಲಿಯೋ ನಿಂತಿರಬೇಕು, ದಯಮಾಡಿ ಹುಡುಕಿರಿ. ತಪ್ಪಾಯಿತು. ಇಂತಿ"

ಅಲ್ಲಿಗೆ ನಿಂತ. ಇಂತಿಯ ಕೆಳಗೆ ಏನೂ ಇರಲಿಲ್ಲ. ಹಾಳೆಯನ್ನು ಬಾಗಿಲಿನ ಬೆಳಕಿಗೆ ಹಿಡಿದ. ಪೆನ್ಸಿಲ್ಲಿನಲ್ಲಿ ಬರೆದು ಅಳಿಸಿದ ಗುರುತು, ಕಾಗದ ಅಲ್ಲಿ ತೆಳ್ಳಗಾಗಿತ್ತು.

"ಇಲ್ಲೇ ಬರದಿದ್ದನಲ್ಲ."

"ಮೂರನೇ ಸಲಾ ಹೋಗು ಮುಂದ ಬರದಿದ್ರು. ಊರು, ಹೆಸರು, ಎಲ್ಲಾ," ಮುತ್ತವ್ವ ಅಂದಳು. "ಆಮ್ಯಾಲ ನಿನ್ನ ನೌಕರಿ ಆರ್ಡರ್ ಬಂತು. ಪೇಡೆ ಹಂಚಿ ಬಂದ್ರು, ರಬ್ಬರ್ ಕೇಳಿದ್ರು, ಕುಂತ ಅಳಸಿದ್ರು."

ಈಶ್ವರ ತಂದೆಯ ಕಡೆ ನೋಡಲಿಲ್ಲ. ಕಿಸೆ ತಡಕಿದ. ಪೆನ್ನು ಅಲ್ಲಿರಲಿಲ್ಲ. ಕಚೇರಿಯ ಜೊತೆಗಾರನೊಬ್ಬ ಸುಮ್ಮನೆ ಎದ್ದು ತನ್ನ ಪೆನ್ನು ಕೊಟ್ಟ. ಈಶ್ವರ ಹೊಸ್ತಿಲ ಮೇಲೆ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಕಚೇರಿಯ ಅಕ್ಷರದಲ್ಲಿ ಬರೆದ. ತಂದೆಯ ಹೆಸರು. ನೇಕಾರ ಓಣಿ, ಬನಹಟ್ಟಿ. ಅದರ ಕೆಳಗೆ, ಇವರ ಮಗ ಈಶ್ವರ. ಸ್ವಲ್ಪ ತಡೆದು ತನ್ನ ಫೋನ್ ನಂಬರನ್ನೂ ಬರೆದ.

"ಏನರ ಕೇಳೂದಿದ್ರ ನನಗ ಕೇಳ್ತಾರ," ಅಂದ, ವೀರಣ್ಣನಿಗೆ ಹಾಳೆ ಕೊಡುತ್ತ. ಮುಂದೆ ಏನೋ ಹೇಳಲು ಹೋಗಿ ಬಿಟ್ಟ.

"ನಾ ಹೋದ್ರ ಮಣ್ಣಿಗೆ ಸಿಗೂದಿಲ್ಲೋ," ಅಂದ ವೀರಣ್ಣ. ತಟ್ಟೆಯಿಂದ ಒಂದೆಸಳು ಪತ್ರಿ ತೆಗೆದು ಈಶ್ವರನ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ಇದರ ಜೋಡಿ ನನ್ನ ಪಾಲಿನ ಹಿಡಿ ಮಣ್ಣ ನೀ ಹಾಕು."

ಆರು ಮಂದಿ ಹೆಗಲು ಕೊಡಲು ಉಳಿದರು. ಎಂಟು ಮಂದಿ ಗಾಡಿಗಳನ್ನು ಓಣಿಯ ಬಾಯಿಯತನಕ ನೂಕಿಕೊಂಡು ಹೋದರು. ಆದಿತ್ಯವಾರವೂ ತೆರೆದಿರುವ ಆ ಮ್ಯೂಸಿಯಂ ಆಫೀಸಿನ ಬಾಗಿಲು ಹುಡುಕಬಲ್ಲವಳೆಂದು ಉಜ್ವಲಾಳನ್ನು ಮುಂದೆ ಹಾಕಿದರು. ವೀರಣ್ಣ ತನ್ನ ಬುಲೆಟ್ಟನ್ನು ಎಲ್ಲರ ಹಿಂದೆ ತಂದು ನಿಲ್ಲಿಸಿದ. ಯಮನಪ್ಪನ ಹಳದಿ ಜಾಕೀಟು ಅವನಿಗೆ ಬಿಗಿಯಾಗಿತ್ತು, ಗುಂಡಿ ಹತ್ತಲಿಲ್ಲ. ಅವರ ಹಿಂದೆಯೇ ಓಣಿಯ ಬಾಯಿಗೆ ಬಂದ ಮುತ್ತವ್ವ ಚೀಲವನ್ನು ಹಿಂದಿನ ಸೀಟಿಗೆ ಇಟ್ಟು, ಬೀಮಿನಿಂದ ಬಿಚ್ಚಿದ ಅದೇ ಹಗ್ಗದಿಂದ ಸುತ್ತಿ ಗಂಟು ಹಾಕಿದಳು.

"ಹೆಣಾ ಮನ್ಯಾಗಿಟ್ಟ ಓಣಿ ದಾಟಬಾರದವ್ವಾ," ಅಂದಳು ಪದ್ಮವ್ವ. ಅಂದವಳೂ ಮುತ್ತವ್ವನ ಪಕ್ಕದಲ್ಲೇ ನಿಂತಿದ್ದಳು.

ಇಂಜಿನ್ನುಗಳು ಒಂದರ ಹಿಂದೊಂದು ಎದ್ದವು. ಒಂದು, ಎರಡು, ಮೂರು. ಜಮಖಂಡಿಯ ಹಾದಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದನ್ನು ಬದಿಗೆ ಬಿಟ್ಟು ಗಾಡಿಗಳು ಸಾಲು ಹಿಡಿದವು. ಕಡೆಯದು ತಿರುವಿಗೆ ಮುಟ್ಟಿತು. ಹಳದಿ ಜಾಕೀಟಿನ ಕಿಸೆಯಿಂದ ಹಾಳೆಯ ಬಿಳಿ ತುದಿ ಗಾಳಿಗೆ ಹೊಡೆದುಕೊಳ್ಳುತ್ತಿತ್ತು. ವೀರಣ್ಣ ಅದನ್ನು ಒಮ್ಮೆ ಒತ್ತಿ ನೋಡಿಕೊಂಡು, ಮುಂದಿನವರ ಕನ್ನಡಿಗಳಿಗೆ ಕಾಣುವಂತೆ ಎಡಗೈ ಮೇಲಕ್ಕೆತ್ತಿದ.